6ನೇ ತಲೆಮಾರಿನ ಲ್ಯಾಪ್‌ಟಾಪ್: ವಿಂಡೋಸ್ 10 ಉಳಿಸಿಕೊಳ್ಳುವುದೋ, 11 ಹಾಕುವುದೋ, ಮಿಂಟ್‌ಗೆ ಹೋಗುವುದೋ

ಯಂತ್ರದ ವಿವರ: ಇಂಟೆಲ್ ಕೋರ್ ಐ5-6200ಯು, 2 ಕೋರ್, 4 ಥ್ರೆಡ್. 4 ಜಿಬಿ ರ‍್ಯಾಮ್‌ನ ಒಂದೇ ಕಡ್ಡಿ, ಪಕ್ಕದ ಸ್ಲಾಟ್ ಖಾಲಿ. 500 ಜಿಬಿ, 5400 ಆರ್‌ಪಿಎಂ ಹಾರ್ಡ್‌ಡಿಸ್ಕ್. ವಿಂಡೋಸ್ 10 ಹೋಮ್, ಆವೃತ್ತಿ 22ಎಚ್2. ಹಿಂದೆ ಯಾರೋ ಲೆಗಸಿ ಮೋಡ್‌ನಲ್ಲಿ (ಹಳೆಯ ಬೂಟ್ ವಿಧಾನ) ಇನ್‌ಸ್ಟಾಲ್ ಮಾಡಿದ್ದರಿಂದ ಡಿಸ್ಕ್ ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ರೂಪದಲ್ಲೇ ಇತ್ತು. ಆನ್ ಮಾಡಿದ ಮೇಲೆ ಬ್ರೌಸರ್ ತೆರೆಯುವಷ್ಟರಲ್ಲಿ ಸಾಕುಬೇಕಾಗುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ 100%ರಿಂದ ಇಳಿಯುತ್ತಲೇ ಇರಲಿಲ್ಲ. ‘ವಿಂಡೋಸ್ 10 ಹಳತಾಯಿತು, ಅದಕ್ಕೇ ನಿಧಾನ’ ಎನ್ನುವ ತೀರ್ಪು ಇಲ್ಲೇ ದಾರಿ ತಪ್ಪಿಸುತ್ತದೆ. ಈ ನಿಧಾನಕ್ಕೆ ಕಾರಣ ಡಿಸ್ಕ್. ಆಪರೇಟಿಂಗ್ ಸಿಸ್ಟಂ ಬದಲಿಸಿದರೂ ಅದು ಹೋಗುವುದಿಲ್ಲ. ಆದ್ದರಿಂದ ಮೊದಲು ಡಿಸ್ಕ್ ಮತ್ತು ರ‍್ಯಾಮ್, ಆಮೇಲೆ ಆಪರೇಟಿಂಗ್ ಸಿಸ್ಟಂ ಎನ್ನುವ ಕ್ರಮದಲ್ಲೇ ಕೆಲಸ ಹಿಡಿದೆ.

ಹಂತ 1: ತಾರೀಖುಗಳನ್ನು ಬರೆದಿಟ್ಟುಕೊಳ್ಳುವುದು

ವೇಗ, ಅಂದಚಂದ ಎಲ್ಲಕ್ಕಿಂತ ಮೊದಲು ಭದ್ರತಾ ಅಪ್‌ಡೇಟ್ ಯಾವತ್ತಿನವರೆಗೆ ಬರುತ್ತದೆ ಎಂಬುದನ್ನು ನೋಡಬೇಕು.

ವಿಂಡೋಸ್ 10: ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಎಸ್‌ಯು, ಅಂದರೆ ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ಹೆಸರು ಸೇರಿಸಿದರೆ 2026ರ ಅಕ್ಟೋಬರ್ 13ರವರೆಗೆ.

ವಿಂಡೋಸ್ 11: ಹೋಮ್ ಮತ್ತು ಪ್ರೊ ಬಗೆಗಳಲ್ಲಿ ಪ್ರತಿ ವಾರ್ಷಿಕ ಆವೃತ್ತಿಗೂ 24 ತಿಂಗಳು. 24ಎಚ್2ಗೆ (2024ರ ಆವೃತ್ತಿ) 2026ರ ಅಕ್ಟೋಬರ್ 13, 25ಎಚ್2ಗೆ (2025ರದ್ದು) 2027ರ ಅಕ್ಟೋಬರ್ 12.

ಲಿನಕ್ಸ್ ಮಿಂಟ್ 22 ಸರಣಿ: ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ. ಉಬುಂಟು 24.04 ಎಂಬ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿದ್ದು, 2029ರವರೆಗೆ.

ಮೊದಲ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ವಿಂಡೋಸ್ 11 ಯಂತ್ರಕ್ಕೆ ಹಾಕುವ ಷರತ್ತುಗಳನ್ನು ತಪ್ಪಿಸಿ 24ಎಚ್2 ಹಾಕಿದರೆ ಸಿಗುವ ಆಯಸ್ಸೂ ಇಎಸ್‌ಯು ಹಾಕಿದ ವಿಂಡೋಸ್ 10ರ ಆಯಸ್ಸೂ ಒಂದೇ ದಿನ ಮುಗಿಯುತ್ತವೆ. ‘ಹೊಸದು’ ಎಂಬ ಕಾರಣಕ್ಕೆ ಹೆಚ್ಚು ದಿನ ಬಾಳುತ್ತದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಹಾಕುವುದಾದರೆ ನೇರವಾಗಿ 25ಎಚ್2 ಹಾಕಬೇಕು.

ಹಂತ 2: ವಿಂಡೋಸ್ 11ರ ಷರತ್ತುಗಳಲ್ಲಿ ಯಾವುದು ನಿಜವಾಗಿ ಅಡ್ಡ ಬರುತ್ತದೆ

ಒಂದು ಷರತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ. ವಿನ್+ಆರ್ ಒತ್ತಿ ಟಿಪಿಎಂ.ಎಂಎಸ್‌ಸಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದಾಗ ‘ಟಿಪಿಎಂ ಸಿಗಲಿಲ್ಲ’ ಎಂದು ಬಂತು. ಬಯೋಸ್‌ನ (ಆನ್ ಮಾಡುವಾಗ ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್‌ಗಳು) ಸೆಕ್ಯೂರಿಟಿ ಪುಟದಲ್ಲಿ ಇಂಟೆಲ್ ಪಿಟಿಟಿ (ಇಂಟೆಲ್‌ನ ಒಳಗಿನ ಟಿಪಿಎಂ) ಎಂಬ ಆಯ್ಕೆ ಆಫ್ ಆಗಿತ್ತು. ಆನ್ ಮಾಡಿದ ಮೇಲೆ ಆವೃತ್ತಿ 2.0 ಎಂದು ತೋರಿಸಿತು. ಎಎಂಡಿ ಯಂತ್ರಗಳಲ್ಲಿ ಇದೇ ಸೌಲಭ್ಯದ ಹೆಸರು ಎಫ್‌ಟಿಪಿಎಂ. ಟಿಪಿಎಂ ಇಲ್ಲ ಎಂದು ಕೈಬಿಡುವ ಮೊದಲು ಬಯೋಸ್ ಒಳಗೆ ಒಮ್ಮೆ ಇಣುಕಿ ನೋಡುವುದು ಕಡ್ಡಾಯ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ಎನ್‌ಕ್ರಿಪ್ಷನ್) ಆನ್ ಇರುವ ಯಂತ್ರದಲ್ಲಿ ಬಯೋಸ್ ಮುಟ್ಟುವ ಮೊದಲು 48 ಅಂಕಿಗಳ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಂಡು, ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ. ಇಲ್ಲವಾದರೆ ಮುಂದಿನ ಬೂಟ್‌ನಲ್ಲಿ ಯಂತ್ರ ಆ ಕೀ ಕೇಳಿಕೊಂಡು ನಿಲ್ಲುತ್ತದೆ.

ಅಂತೂ ಟಿಪಿಎಂ ಪಾಸ್, ಸೆಕ್ಯೂರ್ ಬೂಟ್‌ಗೆ (ಸಹಿ ಇರುವ ಬೂಟ್ ಫೈಲ್‌ಗಳನ್ನಷ್ಟೇ ಓಡಿಸುವ ವ್ಯವಸ್ಥೆ) ದಾರಿ ಇದೆ, ಡಿಸ್ಕ್ 64 ಜಿಬಿಗಿಂತ ದೊಡ್ಡದು. ಫೇಲ್ ಆದದ್ದು ಪ್ರೊಸೆಸರ್. ಒಂದೆರಡು ವಿನಾಯಿತಿ ಬಿಟ್ಟರೆ ಇಂಟೆಲ್‌ನಲ್ಲಿ 8ನೇ ತಲೆಮಾರು, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಮೇಲಿನವು ಮಾತ್ರ ಪಟ್ಟಿಯಲ್ಲಿವೆ. ಈ ಷರತ್ತನ್ನು ದಾಟಬಹುದು. ದಾಟಲಾಗದ ಷರತ್ತು ಬೇರೆಯೇ ಇದೆ: 24ಎಚ್2ನಿಂದ ಮುಂದಕ್ಕೆ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಸೂಚನೆಗಳು ಇರಲೇಬೇಕು. ಕೋರ್ 2 ಡ್ಯುಯೊ ಕಾಲದ ಯಂತ್ರಗಳು ಇದರಿಂದಾಗಿ ಬೂಟ್ ಆಗುವುದೇ ಇಲ್ಲ, ಯಾವ ಉಪಾಯವೂ ನಡೆಯುವುದಿಲ್ಲ. 6200ಯುನಲ್ಲಿ ಎರಡೂ ಇವೆ. ಪ್ರೊಸೆಸರ್ ವಿವರ ತೋರಿಸುವ ಸಿಪಿಯು-ಝಡ್ ತೆರೆದರೆ ‘ಇನ್‌ಸ್ಟ್ರಕ್ಷನ್ಸ್’ ಸಾಲಿನಲ್ಲಿ ಎಸ್‌ಎಸ್‌ಇ 4.2 ಕಾಣುತ್ತದೆ.

ಹಂತ 3: ಎಸ್‌ಎಸ್‌ಡಿ ಮತ್ತು ರ‍್ಯಾಮ್

ಬೇಕಾದದ್ದು: ಪಿಎಚ್0 ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ಪ್ರೈ ಟೂಲ್, 480 ಜಿಬಿಯ 2.5 ಇಂಚು ಸಾಟಾ ಎಸ್‌ಎಸ್‌ಡಿ (7 ಮಿಮೀ ದಪ್ಪ), 4 ಜಿಬಿ ರ‍್ಯಾಮ್ ಕಡ್ಡಿ, ಸಾಟಾದಿಂದ ಯುಎಸ್‌ಬಿಗೆ ಹೋಗುವ ಕೇಬಲ್, 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್ ಎರಡು.

ರ‍್ಯಾಮ್ ಕೊಳ್ಳುವ ಮೊದಲು ಒಳಗಿರುವ ಕಡ್ಡಿಯ ಚೀಟಿ ಓದಬೇಕು. 6ನೇ ತಲೆಮಾರಿನ ಪ್ರೊಸೆಸರ್ ಡಿಡಿಆರ್4 ಮತ್ತು ಡಿಡಿಆರ್3ಎಲ್ ಎರಡಕ್ಕೂ ಹೊಂದುತ್ತದೆ. ಬೋರ್ಡ್‌ನಲ್ಲಿ ಯಾವ ಸ್ಲಾಟ್ ಇದೆ ಎಂಬುದು ಪ್ರೊಸೆಸರ್ ಹೆಸರಿನಿಂದ ತಿಳಿಯುವುದಿಲ್ಲ. ಇಲ್ಲಿ ಇದ್ದದ್ದು ಡಿಡಿಆರ್3ಎಲ್ 1600, 1.35 ವೋಲ್ಟ್, 204 ಪಿನ್. ಡಿಡಿಆರ್4 ಆಗಿದ್ದರೆ 1.2 ವೋಲ್ಟ್, 260 ಪಿನ್. ಕಚ್ಚಿನ ಜಾಗವೂ ಬೇರೆ, ಒತ್ತಿದರೂ ಕೂರುವುದಿಲ್ಲ. ಅದೇ ಅಳತೆಯ ಇನ್ನೊಂದು ಕಡ್ಡಿ ಹಾಕಿದ್ದರಿಂದ ರ‍್ಯಾಮ್ 8 ಜಿಬಿ ಆಯಿತು, ಜೊತೆಗೆ ಎರಡೂ ಕಡ್ಡಿ ಒಟ್ಟಿಗೆ ಕೆಲಸ ಮಾಡುವ ಡ್ಯುಯಲ್ ಚಾನೆಲ್ ಸಿಕ್ಕಿತು. ಒಳಗಿನ ಎಚ್‌ಡಿ 520 ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ಇದೇ ರ‍್ಯಾಮ್ ಹಂಚಿಕೊಳ್ಳುತ್ತದೆ. ಹಾಗಾಗಿ ಎರಡನೇ ಕಡ್ಡಿಯ ಲಾಭ ಪರದೆಯ ಮೇಲೂ ಕಾಣುತ್ತದೆ.

ಬಿಚ್ಚುವಾಗ ಮೊದಲು ಬ್ಯಾಟರಿ ಕನೆಕ್ಟರ್ ಕಳಚಿ. ಹಾರ್ಡ್‌ಡಿಸ್ಕ್‌ನ ಚೌಕಟ್ಟಿನ ಸ್ಕ್ರೂಗಳು ಹಿಂಬದಿಯ ಮುಚ್ಚಳದ ಸ್ಕ್ರೂಗಳಿಗಿಂತ ಗಿಡ್ಡ. ಅದಲುಬದಲಾದರೆ ಉದ್ದದ ಸ್ಕ್ರೂ ಎಸ್‌ಎಸ್‌ಡಿ ಒಳಗಿನ ಬೋರ್ಡಿಗೆ ತಾಗುವ ಅಪಾಯವಿದೆ. ಎರಡು ಬಟ್ಟಲು ಇಟ್ಟುಕೊಂಡರೆ ಗೊಂದಲವಿಲ್ಲ.

ಹಂತ 4: ಕ್ಲೋನ್, ಮತ್ತು ಅದು ಎಲ್ಲೆಲ್ಲಿ ನಿಂತಿತು

ಹಳೆಯ ಡಿಸ್ಕ್‌ನ ತದ್ರೂಪವನ್ನು (ಕ್ಲೋನ್) ಎಸ್‌ಎಸ್‌ಡಿಗೆ ಇಳಿಸಿ, ಹಳೆಯದನ್ನು ಡೇಟಾ ಸಮೇತ ಹಾಗೇ ಕಪಾಟಿನಲ್ಲಿಡುವುದು ಉದ್ದೇಶ. ಅದಿದ್ದರೆ ಮುಂದಿನ ಯಾವ ಪ್ರಯೋಗ ಕೆಟ್ಟರೂ ಮೊದಲಿನ ಸ್ಥಿತಿಗೆ ಮರಳಬಹುದು. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ, ಕೆಟ್ಟ ಸೆಕ್ಟರ್‌ಗಳನ್ನು ಎಣಿಸುವ 05, ಸಿ5, ಸಿ6 ಸಾಲುಗಳ ಮೂಲ ಮೌಲ್ಯ ಮೂರೂ ಸೊನ್ನೆ ಇದ್ದುದರಿಂದ ಕ್ಲೋನ್‌ಗೆ ಕೈ ಹಾಕಿದೆ. ಸಿ5 ಸೊನ್ನೆಗಿಂತ ಹೆಚ್ಚಿದ್ದರೆ ಕ್ಲೋನ್ ಆಸೆ ಬಿಟ್ಟು ಮೊದಲು ಫೈಲ್‌ಗಳನ್ನು ಹೊರಗೆ ತೆಗೆಯಿರಿ.

ಡಿಸ್ಕ್ ನಕಲಿಸುವ ಸಾಧನವಾದ ಕ್ಲೋನ್‌ಜಿಲ್ಲಾದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ ಮೊದಲ ಯತ್ನ ಸಿ ಡ್ರೈವ್ ಬಳಿ ನಿಂತಿತು: ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಸರಿಯಾಗಿ ಮುಚ್ಚಿಲ್ಲ ಎಂಬ ದೂರು. ಕಾರಣ ಫಾಸ್ಟ್ ಸ್ಟಾರ್ಟ್‌ಅಪ್. ಅದು ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಕರ್ನಲನ್ನು, ಅಂದರೆ ತನ್ನ ತಿರುಳನ್ನು, ಹೈಬರ್ನೇಟ್ ಮಾಡಿ ಡಿಸ್ಕ್‌ನಲ್ಲಿ ಬಿಟ್ಟಿರುತ್ತದೆ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿಗೆ ‘/ಎಚ್ ಆಫ್’ ಕೊಟ್ಟು, ಚೆಕ್‌ಡಿಸ್ಕ್ ಓಡಿಸಿ, ಮತ್ತೆ ಶಟ್‌ಡೌನ್ ಮಾಡಿದಾಗ ಈ ತಡೆ ಹೋಯಿತು.

ಎರಡನೇ ತಡೆ ಅಳತೆಯದ್ದು. 500 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ 465 ಎಂದೂ 480 ಜಿಬಿ ಎಸ್‌ಎಸ್‌ಡಿ 447 ಎಂದೂ ಕಾಣುತ್ತದೆ. ಗುರಿ ಡಿಸ್ಕ್ ಚಿಕ್ಕದು ಎಂದು ಕ್ಲೋನ್‌ಜಿಲ್ಲಾ ನಿರಾಕರಿಸಿತು. ಪಾರ್ಟಿಷನ್‌ಗಳ ಸಾಲು ಹೀಗಿತ್ತು: ಸಿಸ್ಟಂ ರಿಸರ್ವ್ಡ್, ಸಿ, ರಿಕವರಿ, ಕೊನೆಗೆ ಡಿ. ಡಿ ಬರೀ ಡೇಟಾ ಇಡುವ ಜಾಗವಾದ್ದರಿಂದ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದನ್ನು 30 ಜಿಬಿ ಕುಗ್ಗಿಸುವುದು ಸುಲಭ. ಇದೇ ಕೆಲಸ ಸಿ ಡ್ರೈವ್‌ನಲ್ಲಿ ಮಾಡಹೊರಟರೆ ಪೇಜ್‌ಫೈಲ್, ಹೈಬರ್ನೇಟ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳು ಅಡ್ಡ ಮಲಗಿರುತ್ತವೆ. ಕುಗ್ಗಿಸಿದ ಮೇಲೆ ಎಲ್ಲ ಪಾರ್ಟಿಷನ್‌ಗಳೂ 447ರ ಒಳಗೆ ಮುಗಿದವು. ಆದರೂ ಕ್ಲೋನ್‌ಜಿಲ್ಲಾ ಇಡೀ ಡಿಸ್ಕ್‌ಗಳ ಅಳತೆಯನ್ನೇ ಹೋಲಿಸುವುದರಿಂದ ಎಕ್ಸ್‌ಪರ್ಟ್ ಮೋಡ್‌ನಲ್ಲಿ ‘ಐಸಿಡಿಎಸ್’ (ಗುರಿ ಡಿಸ್ಕ್‌ನ ಅಳತೆ ನೋಡಬೇಡ) ಆಯ್ಕೆಗೆ ಗುರುತು ಹಾಕಬೇಕು. ಆಮೇಲೆ ಕ್ಲೋನ್ ಸರಾಗವಾಗಿ ಮುಗಿಯಿತು.

ಮುಗಿದ ಮೇಲೆ ಎರಡೂ ಡಿಸ್ಕ್ ಸಿಕ್ಕಿಸಿಕೊಂಡು ವಿಂಡೋಸ್ ಬೂಟ್ ಮಾಡಬೇಡಿ. ಎರಡರ ಸಿಗ್ನೇಚರ್ (ಡಿಸ್ಕ್‌ನ ಗುರುತು ಸಂಖ್ಯೆ) ಒಂದೇ ಆಗಿರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ ಅಥವಾ ಸಿಗ್ನೇಚರ್ ಬದಲಿಸಿಬಿಡುತ್ತದೆ. ಎಸ್‌ಎಸ್‌ಡಿ ಒಳಗೆ ಕೂರಿಸಿ, ಹಳೆಯದನ್ನು ಕಳಚಿ, ತಾರೀಖಿನ ಚೀಟಿ ಅಂಟಿಸಿ ಎತ್ತಿಟ್ಟಾಯಿತು. ಆಕ್ಟಿವೇಶನ್‌ಗೆ ಏನೂ ಆಗಲಿಲ್ಲ. ಡಿಜಿಟಲ್ ಲೈಸೆನ್ಸ್ ಕಟ್ಟಿಕೊಂಡಿರುವುದು ಮದರ್‌ಬೋರ್ಡ್‌ಗೆ, ಡಿಸ್ಕ್‌ಗಲ್ಲ.

ಇಷ್ಟು ಮಾಡಿದ್ದೇ ತಡ, ಅದೇ ವಿಂಡೋಸ್ 10 ಬೇರೆ ಯಂತ್ರದಂತೆ ಓಡತೊಡಗಿತು. ಡಿಸ್ಕ್ ಬಳಕೆ 100%ಕ್ಕೆ ಅಂಟಿಕೊಳ್ಳುವುದು ನಿಂತಿತು. ಹಾರ್ಡ್‌ಡಿಸ್ಕ್ ಇರುವ ಲ್ಯಾಪ್‌ಟಾಪ್‌ನಲ್ಲಿ ಕುಳಿತು ಯಾವ ಆಪರೇಟಿಂಗ್ ಸಿಸ್ಟಂ ಹಗುರ ಎಂದು ಚರ್ಚಿಸುವುದರಲ್ಲಿ ಅರ್ಥವಿಲ್ಲ.

ಹಂತ 5: ಎಂಬಿಆರ್‌ನಿಂದ ಜಿಪಿಟಿಗೆ

ವಿಂಡೋಸ್ 11 ಪರೀಕ್ಷಿಸಲು ಯುಇಎಫ್‌ಐ ಎಂಬ ಹೊಸ ಬೂಟ್ ವಿಧಾನ ಬೇಕು, ಯುಇಎಫ್‌ಐಗೆ ಜಿಪಿಟಿ ಎಂಬ ಹೊಸ ಪಾರ್ಟಿಷನ್ ರೂಪ ಬೇಕು. ವಿಂಡೋಸ್ 10ರ ಒಳಗೇ ಇರುವ ಎಂಬಿಆರ್2ಜಿಪಿಟಿ ಸಾಧನ ಡೇಟಾ ಅಳಿಸದೆ ಈ ಕೆಲಸ ಮಾಡುತ್ತದೆ. ಮೊದಲು ವ್ಯಾಲಿಡೇಟ್ ಆದೇಶ, ಜೊತೆಗೆ, ವಿಂಡೋಸ್ ಓಡುತ್ತಿರುವಾಗಲೇ ಮಾಡಲು, ‘ಅಲೌಫುಲ್‌ಓಎಸ್’. ವ್ಯಾಲಿಡೇಟ್ ಫೇಲ್ ಆಯಿತು. ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿರಬಾರದು ಎಂಬುದು ಇದರ ನಿಯಮ; ಇಲ್ಲಿ ನಾಲ್ಕು. ಡಿಯಲ್ಲಿನ ಫೈಲ್‌ಗಳು ಹಳೆಯ ಡಿಸ್ಕ್‌ನಲ್ಲಿ ಭದ್ರವಾಗಿದ್ದುದರಿಂದ ಎಸ್‌ಎಸ್‌ಡಿಯ ಡಿ ಪಾರ್ಟಿಷನ್ ಅಳಿಸಿದೆ. ಮತ್ತೆ ವ್ಯಾಲಿಡೇಟ್, ಪಾಸ್. ಕನ್ವರ್ಟ್, ಪಾಸ್.

ಕನ್ವರ್ಟ್ ಆದ ಕೂಡಲೇ ಬಯೋಸ್‌ಗೆ ಹೋಗಿ ಲೆಗಸಿಯನ್ನು ಯುಇಎಫ್‌ಐಗೆ ಬದಲಿಸಬೇಕು. ಬದಲಿಸದೆ ರೀಸ್ಟಾರ್ಟ್ ಮಾಡಿದರೆ ‘ಬೂಟ್ ಡಿವೈಸ್ ಇಲ್ಲ’ ಎಂಬ ಕಪ್ಪು ಪರದೆ ಬರುತ್ತದೆ. ಡಿಸ್ಕ್ ಕೆಟ್ಟಿರುವುದಿಲ್ಲ, ಗಾಬರಿ ಬೇಡ. ವಿಂಡೋಸ್ ಎದ್ದ ಮೇಲೆ ರೀಏಜೆಂಟ್‌ಸಿ ಆದೇಶದಿಂದ ರಿಕವರಿ ಆನ್ ಇದೆಯೇ ಎಂದು ನೋಡಿ. ಇಲ್ಲಿ ಅದು ಆಫ್ ಆಗಿತ್ತು, ‘/ಎನೇಬಲ್’ ಕೊಟ್ಟು ಸರಿಪಡಿಸಬೇಕಾಯಿತು.

ಹಂತ 6: ವಿಂಡೋಸ್ 11ರ ಪರೀಕ್ಷೆ

ಡಿ ಅಳಿಸಿದ ಖಾಲಿ ಜಾಗದಲ್ಲಿ 100 ಜಿಬಿ ಇದಕ್ಕೆ ಬಿಟ್ಟೆ. ಅಧಿಕೃತ 25ಎಚ್2 ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಇಳಿಸಿ, ರೂಫಸ್ ಎಂಬ ಸಾಧನದಲ್ಲಿ ಬೂಟ್ ಪೆನ್‌ಡ್ರೈವ್ ಮಾಡುವಾಗ ಬರುವ ಪೆಟ್ಟಿಗೆಯಲ್ಲಿ ‘4 ಜಿಬಿ ರ‍್ಯಾಮ್, ಸೆಕ್ಯೂರ್ ಬೂಟ್, ಟಿಪಿಎಂ 2.0 ಷರತ್ತು ತೆಗೆ’ ಎಂಬರ್ಥದ ಸಾಲಿಗೆ ಗುರುತು ಹಾಕಿದೆ. ಐಎಸ್‌ಒ ಒಳಗಿನ ಫೈಲ್‌ಗಳನ್ನು ಎಫ್‌ಎಟಿ32 ಪೆನ್‌ಡ್ರೈವ್‌ಗೆ ಕೈಯಿಂದ ಕಾಪಿ ಮಾಡುವ ದಾರಿ ಇಲ್ಲಿ ನಡೆಯುವುದಿಲ್ಲ: ಇನ್‌ಸ್ಟಾಲ್.ವಿಮ್ ಫೈಲ್ 4 ಜಿಬಿಗಿಂತ ದೊಡ್ಡದು, ಎಫ್‌ಎಟಿ32 ಅದನ್ನು ಹಿಡಿಯಲಾರದು.

ಇನ್‌ಸ್ಟಾಲ್ ಆಯಿತು, ಆಕ್ಟಿವೇಟ್ ಕೂಡ ಆಯಿತು. ವಿಂಡೋಸ್ 10ರ ಡ್ರೈವರ್‌ಗಳೇ ಬಹುಪಾಲು ಕೆಲಸ ಮಾಡಿದವು. 8 ಜಿಬಿಯಲ್ಲಿ ಬಳಕೆಗೆ ಅಡ್ಡಿಯೇನಿಲ್ಲ. ಸುಮ್ಮನೆ ಕೂತಾಗ ವಿಂಡೋಸ್ 10 ಎರಡೂವರೆ ಜಿಬಿಯ ಆಸುಪಾಸಿನಲ್ಲಿದ್ದರೆ ಇದು ಮೂರು ದಾಟುತ್ತಿತ್ತು. ಒಂದು ಕಡ್ಡಿ ತೆಗೆದು 4 ಜಿಬಿಯಲ್ಲಿ ನೋಡಿದಾಗ ಬ್ರೌಸರ್‌ನಲ್ಲಿ ಕೆಲವೇ ಟ್ಯಾಬ್ ತೆರೆದರೂ ಪೇಜ್‌ಫೈಲ್‌ಗೆ (ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಡಿಸ್ಕ್ ಜಾಗ) ಓಡಾಟ ಶುರು. 4 ಜಿಬಿ ‘ಕನಿಷ್ಠ’ ಎಂದು ಪಟ್ಟಿಯಲ್ಲಿರುವುದು ಇನ್‌ಸ್ಟಾಲ್ ಆಗುವುದಕ್ಕಷ್ಟೇ ಸಾಕು.

ಟಚ್‌ಪ್ಯಾಡ್ ವಿಂಡೋಸ್‌ನ ‘ಪ್ರಿಸಿಷನ್’ ವರ್ಗದ್ದಲ್ಲ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಮೂರು ಬೆರಳಿನ ಸನ್ನೆಗಳ ಪುಟವೇ ಬರಲಿಲ್ಲ. ‘ಮೆಮೊರಿ ಇಂಟೆಗ್ರಿಟಿ’ ಎಂಬ ಭದ್ರತಾ ಸೌಲಭ್ಯ ಚುರುಕಾಗಿ ನಡೆಯಲು ಬೇಕಾದ ಎಂಬಿಇಸಿ ಎಂಬ ಪ್ರೊಸೆಸರ್ ಅಂಶ ಇಂಟೆಲ್‌ನಲ್ಲಿ ಬಂದದ್ದು 7ನೇ ತಲೆಮಾರಿನಿಂದ. 6ನೆಯದರಲ್ಲಿ ಅದನ್ನು ಆನ್ ಮಾಡಿದರೆ ಸಾಫ್ಟ್‌ವೇರ್ ಅನುಕರಣೆಯಲ್ಲಿ ನಡೆದು ವೇಗ ಕುಗ್ಗುತ್ತದೆ. ಅಂದರೆ ಹೊಸ ಸಿಸ್ಟಂನ ಹೆಚ್ಚಿನ ಭದ್ರತೆಯ ಒಂದು ಮುಖ್ಯ ಭಾಗ ಈ ಯಂತ್ರಕ್ಕೆ ಪ್ರಾಯೋಗಿಕವಾಗಿ ದಕ್ಕುವುದೇ ಇಲ್ಲ.

ತಿಂಗಳ ಭದ್ರತಾ ಅಪ್‌ಡೇಟ್ ಬಂತು. ಆದರೆ ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ತಾನಾಗಿ ಬರುತ್ತದೆ ಎಂದು ನಂಬುವಂತಿಲ್ಲ. ಐಎಸ್‌ಒ ಇಳಿಸಿ ಮತ್ತೆ ಇದೇ ಉಪಾಯ ಮಾಡಬೇಕು. ಎಸ್‌ಎಸ್‌ಇ 4.2ನಂಥ ಇನ್ನೊಂದು ಷರತ್ತು ಮುಂದೆ ಬಂದರೆ ಅಲ್ಲಿಗೆ ಮುಗಿಯಿತು. ಇದನ್ನೆಲ್ಲ ಮಾಡಬಲ್ಲವರು ತಮ್ಮ ಯಂತ್ರದಲ್ಲಿ ಹಾಕಿಕೊಳ್ಳಲಿ. ಈ ಲ್ಯಾಪ್‌ಟಾಪ್ ಬಳಸುವವರು ಅಪ್‌ಡೇಟ್ ಪುಟವನ್ನೇ ತೆರೆಯದವರು. ಅಂಥವರ ಕೈಗೆ ಬೆಂಬಲವಿಲ್ಲದ ವಿಂಡೋಸ್ 11 ಕೊಡುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಪಾರ್ಟಿಷನ್ ಅಳಿಸಿ, ಎಂಎಸ್‌ಕಾನ್ಫಿಗ್‌ನ ಬೂಟ್ ಪುಟದಿಂದ ಅದರ ಹೆಸರು ತೆಗೆದೆ. ಅದರ ಬೆನ್ನಿಗೇ ಒಂದು ರಿಕವರಿ ಪಾರ್ಟಿಷನ್ ಹುಟ್ಟಿಕೊಂಡಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಅದನ್ನು ಅಳಿಸಲು ಬಿಡುವುದಿಲ್ಲ. ಡಿಸ್ಕ್‌ಪಾರ್ಟ್‌ನಲ್ಲಿ ‘ಡಿಲೀಟ್ ಪಾರ್ಟಿಷನ್ ಓವರ್‌ರೈಡ್’ ಬೇಕು. ವಿಂಡೋಸ್ 10ರ ರಿಕವರಿ ಯಾವುದು ಎಂದು ಎರಡೆರಡು ಸಲ ನೋಡಿಕೊಂಡೇ ಈ ಆದೇಶ ಕೊಡಿ.

ಉಲ್ಟಾ ಪ್ರಕರಣವೂ ಕೇಳಿಬರುತ್ತದೆ: ಹೊಸ ಲ್ಯಾಪ್‌ಟಾಪ್‌ಗೆ ಹಳೆಯ ವಿಂಡೋಸ್ ಹಾಕುವುದು. 12ನೇ ತಲೆಮಾರಿನಿಂದ ಇಂಟೆಲ್ ಪ್ರೊಸೆಸರ್‌ಗಳಲ್ಲಿ ದೊಡ್ಡ ಮತ್ತು ಚಿಕ್ಕ ಕೋರ್‌ಗಳ ನಡುವೆ ಕೆಲಸ ಹಂಚುವ ಥ್ರೆಡ್ ಡೈರೆಕ್ಟರನ್ನು ಪೂರ್ತಿ ಬಳಸುವುದು ವಿಂಡೋಸ್‌ಗಳ ಪೈಕಿ ವಿಂಡೋಸ್ 11 ಮಾತ್ರ. ವಿಂಡೋಸ್ 7 ಅಂತೂ ಬೇಡವೇ ಬೇಡ. ಅದರ ಇನ್‌ಸ್ಟಾಲರ್‌ನಲ್ಲಿ ಯುಎಸ್‌ಬಿ 3, ಎನ್‌ವಿಎಂಇ ಎರಡಕ್ಕೂ ಡ್ರೈವರ್ ಇಲ್ಲದೆ ಮೌಸೂ ಓಡುವುದಿಲ್ಲ, ಡಿಸ್ಕೂ ಕಾಣುವುದಿಲ್ಲ.

ಹಂತ 7: ಮಿಂಟ್

ಆರಿಸಿದ್ದು ಲಿನಕ್ಸ್ ಮಿಂಟ್ 22 ಸರಣಿಯ ಎಕ್ಸ್‌ಎಫ್‌ಸಿಇ (ಹಗುರ ಡೆಸ್ಕ್‌ಟಾಪ್) ಆವೃತ್ತಿ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಧ್ವನಿ, ಕ್ಯಾಮೆರಾ, ಸ್ಲೀಪ್, ಪ್ರಿಂಟರ್ ಐದನ್ನೂ ನೋಡಿದೆ. ಎರಡು ಕಡೆ ತೊಡಕು ಬಂತು.

ಮೊದಲನೆಯದು, ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿ ಕಾಣಲಿಲ್ಲ. ಬಯೋಸ್‌ನಲ್ಲಿ ಸಾಟಾ ಮೋಡ್ (ಡಿಸ್ಕ್ ಜೊತೆ ಮಾತಾಡುವ ವಿಧಾನ) ಇಂಟೆಲ್ ಆರ್‌ಎಸ್‌ಟಿ ಎಂದಿತ್ತು, ಎಎಚ್‌ಸಿಐ ಆಗಬೇಕು. ನೇರವಾಗಿ ಬದಲಿಸಿದರೆ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣುತ್ತದೆ, ಆದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ: ಬೂಟ್ ಡಿವೈಸ್ ಸಿಗಲಿಲ್ಲ ಎಂಬ ತಪ್ಪು. ಸರಿಯಾದ ಕ್ರಮ: ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ ತೆರೆದು ಸೇಫ್ ಬೂಟ್‌ಗೆ ಗುರುತು ಹಾಕಿ ರೀಸ್ಟಾರ್ಟ್, ವಿಂಡೋಸ್ ಏಳುವ ಮೊದಲೇ ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಿ, ಸೇಫ್ ಮೋಡ್‌ನಲ್ಲಿ ವಿಂಡೋಸ್ ಒಮ್ಮೆ ಎದ್ದು ಸರಿಯಾದ ಡ್ರೈವರ್ ಹಿಡಿದುಕೊಳ್ಳಲಿ, ಗುರುತು ತೆಗೆದು ಮತ್ತೆ ರೀಸ್ಟಾರ್ಟ್.

ಎರಡನೆಯದು ವೈಫೈ. ರೂಟರ್ ಪಕ್ಕದಲ್ಲೇ ಇದ್ದರೂ ಒಂದೇ ಗೆರೆ. ಕಾರ್ಡ್ ರಿಯಲ್‌ಟೆಕ್ ಆರ್‌ಟಿಎಲ್8723ಬಿಇ. ಇದರಲ್ಲಿ ಎರಡು ಆಂಟೆನಾ ಕಿಂಡಿಗಳಿದ್ದರೂ ಇಂಥ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ತಂತಿ ಒಂದಕ್ಕೆ ಮಾತ್ರ ಬಂದಿರುತ್ತದೆ. ಲಿನಕ್ಸ್ ಡ್ರೈವರ್ ಖಾಲಿ ಕಿಂಡಿಯನ್ನು ಆರಿಸಿಕೊಂಡರೆ ಸಿಗ್ನಲ್ ಸಾಯುತ್ತದೆ. ಡ್ರೈವರ್‌ನ ‘ಆಂಟ್_ಸೆಲ್’ (ಆಂಟೆನಾ ಆಯ್ಕೆ) ಮೌಲ್ಯವನ್ನು 2 ಮಾಡಿದಾಗ ಗೆರೆಗಳೆಲ್ಲ ತುಂಬಿದವು. ಕೆಲವು ಯಂತ್ರಗಳಲ್ಲಿ 1 ಕೊಡಬೇಕಾಗುತ್ತದೆ. ಇನ್‌ಸ್ಟಾಲ್ ಆದ ಮೇಲೆ ಈ ಮೌಲ್ಯವನ್ನು ಮಾಡ್‌ಪ್ರೋಬ್.ಡಿ ಫೋಲ್ಡರ್‌ನಲ್ಲಿ ಒಂದು ಸಾಲಿನ ಫೈಲ್ ಆಗಿ ಬರೆದಿಟ್ಟರೆ ಶಾಶ್ವತ.

ಇನ್‌ಸ್ಟಾಲ್ ಮಾಡುವಾಗ ‘ಸಮ್‌ಥಿಂಗ್ ಎಲ್ಸ್’ ಆರಿಸಿ ಕೈಯಿಂದಲೇ ಪಾರ್ಟಿಷನ್ ಮಾಡಿದೆ: ರೂಟ್‌ಗೆ (ಸಿಸ್ಟಂ ಫೈಲ್‌ಗಳು) 60 ಜಿಬಿ, ಉಳಿದದ್ದು ಹೋಮ್‌ಗೆ (ಸ್ವಂತ ಫೈಲ್‌ಗಳು), ಎರಡೂ ಎಕ್ಸ್‌ಟಿ4 ಎಂಬ ಲಿನಕ್ಸ್ ರೂಪದಲ್ಲಿ. ಈಗಾಗಲೇ ಇರುವ ಇಎಫ್‌ಐ ಪಾರ್ಟಿಷನನ್ನೇ ಬಳಸಬೇಕು, ಅದರ ಮುಂದಿನ ಫಾರ್ಮ್ಯಾಟ್ ಚೌಕಕ್ಕೆ ಗುರುತು ಬೀಳಬಾರದು. ಬಿದ್ದರೆ ವಿಂಡೋಸ್‌ನ ಬೂಟ್ ಫೈಲ್‌ಗಳು ಹೋಗುತ್ತವೆ. ಸ್ವಾಪ್‌ಗೆ (ಲಿನಕ್ಸ್‌ನ ಪೇಜ್‌ಫೈಲ್) ಬೇರೆ ಪಾರ್ಟಿಷನ್ ಬೇಡ, ಸ್ವಾಪ್ ಫೈಲ್ ತಾನಾಗಿ ಆಗುತ್ತದೆ.

ಎರಡೂ ಸಿಸ್ಟಂ ಇರುವಾಗ ಗಡಿಯಾರ ಹಿಂದೆಮುಂದೆ ಆಗುವುದು ಮಾಮೂಲು. ವಿಂಡೋಸ್ ಬೋರ್ಡಿನ ಗಡಿಯಾರವನ್ನು ಸ್ಥಳೀಯ ಸಮಯ ಎಂದು ಓದುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಎಂದು. ಟೈಮ್‌ಡೇಟ್‌ಸಿಟಿಎಲ್‌ನಲ್ಲಿ ಲೋಕಲ್ ಆರ್‌ಟಿಸಿಯನ್ನು 1 ಮಾಡಿದರೆ ಜಗಳ ನಿಲ್ಲುತ್ತದೆ. ಫಾಸ್ಟ್ ಸ್ಟಾರ್ಟ್‌ಅಪ್ ಹಂತ 4ರಲ್ಲೇ ಆಫ್ ಆಗಿದೆ, ಹಾಗೇ ಇರಲಿ. ಆನ್ ಆದರೆ ಲಿನಕ್ಸ್‌ನಿಂದ ಸಿ ಡ್ರೈವ್‌ಗೆ ಬರೆಯಲು ಆಗುವುದಿಲ್ಲ. ಕನ್ನಡ ಟೈಪಿಂಗ್‌ಗೆ ಐಬಸ್-ಎಂ17ಎನ್ ಹಾಕಿದರೆ ಕೆಜಿಪಿ ಮತ್ತು ಇನ್‌ಸ್ಕ್ರಿಪ್ಟ್ ಎರಡೂ ವಿನ್ಯಾಸಗಳು ಸಿಗುತ್ತವೆ.

ಸುಮ್ಮನೆ ಕೂತಾಗ ರ‍್ಯಾಮ್ ಬಳಕೆ ಒಂದು ಜಿಬಿಯ ಆಸುಪಾಸು. ವಿಡಿಯೊ ನೋಡುವಾಗ ಫ್ಯಾನ್ ಸದ್ದು ಮಾತ್ರ ಮೂರೂ ಸಿಸ್ಟಂಗಳಲ್ಲಿ ಒಂದೇ. ಎಚ್‌ಡಿ 520ಗೆ ಎವಿ1 ಎಂಬ ವಿಡಿಯೊ ರೂಪವನ್ನು ಬಿಡಿಸುವ ಹಾರ್ಡ್‌ವೇರ್ ಇಲ್ಲ, ಎಲ್ಲ ಭಾರವೂ ಪ್ರೊಸೆಸರ್ ಮೇಲೆ ಬೀಳುತ್ತದೆ. ಬ್ರೌಸರ್‌ಗೆ ಎಚ್264ಇಫೈ ಎಂಬ ಎಕ್ಸ್‌ಟೆನ್ಷನ್ ಹಾಕಿ ವಿಡಿಯೊ, ಹಾರ್ಡ್‌ವೇರ್ ಬಿಡಿಸಬಲ್ಲ ಎಚ್.264 ರೂಪದಲ್ಲೇ ಬರುವಂತೆ ಮಾಡಿದ ಮೇಲೆ ಫ್ಯಾನ್ ತಣ್ಣಗಾಯಿತು.

ಹಂತ 8: ಅಂತಿಮ ಜೋಡಣೆ

ದಿನದ ಕೆಲಸಕ್ಕೆ ಮಿಂಟ್, ಬೂಟ್ ಪಟ್ಟಿಯಲ್ಲಿ ಅದೇ ಮೊದಲು. ಸ್ಕ್ಯಾನರ್‌ನ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾತ್ರ ಇರುವುದರಿಂದ ವಿಂಡೋಸ್ 10 ಇಎಸ್‌ಯು ಜೊತೆ ಉಳಿಯಿತು. ಅಂಥ ಯಾವ ಸಾಫ್ಟ್‌ವೇರೂ ಬೇಡದಿದ್ದರೆ ಮಿಂಟ್ ಒಂದೇ ಸಾಕಿತ್ತು.

ಇಎಸ್‌ಯುಗೆ ಸೇರಲು 22ಎಚ್2 ಆಗಿರಬೇಕು, ಅಡ್ಮಿನ್ ಖಾತೆ ಬೇಕು, ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್’ ಕೊಂಡಿ ಕಾಣುತ್ತದೆ. ಸೆಟ್ಟಿಂಗ್ಸನ್ನು ಕ್ಲೌಡ್‌ಗೆ ಸಿಂಕ್ ಮಾಡಿದರೆ ಉಚಿತ. ಬೇಡವೆಂದರೆ 1000 ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರ್. ಒಂದು ಲೈಸೆನ್ಸ್ 10 ಯಂತ್ರಗಳವರೆಗೆ ನಡೆಯುತ್ತದೆ. ಎನ್‌ರೋಲ್ ಕಿಟಕಿ ತೆರೆದ ಕೂಡಲೇ ಮುಚ್ಚಿಕೊಂಡರೆ 2025ರ ಆಗಸ್ಟ್‌ನ ಅಪ್‌ಡೇಟ್ ಕೆಬಿ5063709 ಅಥವಾ ಅದರ ನಂತರದ್ದು ಬಿದ್ದಿಲ್ಲ ಎಂದರ್ಥ; ಅದನ್ನು ಮೊದಲು ಹಾಕಿ.

ಬಾಕಿ ಇರುವುದು ಸೆಕ್ಯೂರ್ ಬೂಟ್ ಪ್ರಮಾಣಪತ್ರಗಳ ಕೆಲಸ. 2011ರಲ್ಲಿ ಕೊಟ್ಟವು 2026ರ ಜೂನ್‌ನಿಂದ ಅವಧಿ ಮುಗಿಸುತ್ತವೆ, 2023ರವು ಅವುಗಳ ಜಾಗಕ್ಕೆ ಬರಬೇಕು. ಹಳೆಯವು ಮುಗಿದರೂ ಯಂತ್ರ ಬೂಟ್ ಆಗುತ್ತದೆ, ಬೂಟ್ ಮಟ್ಟದ ಹೊಸ ಭದ್ರತಾ ತಿದ್ದುಪಡಿಗಳು ಮಾತ್ರ ಬರುವುದಿಲ್ಲ. ಇಎಸ್‌ಯು ಹಾಕಿಸಿದ್ದಕ್ಕೆ ಇದೂ ಒಂದು ಕಾರಣ. ತಯಾರಕರ ಪುಟದಲ್ಲಿ ಈ ಮಾದರಿಗಿದ್ದ ಕೊನೆಯ ಬಯೋಸ್ ಫೈಲನ್ನು ಚಾರ್ಜರ್ ಸಿಕ್ಕಿಸಿಕೊಂಡೇ ಹಾಕಿದ್ದೇನೆ. ಪವರ್‌ಶೆಲ್‌ನಲ್ಲಿ ಸೆಕ್ಯೂರ್ ಬೂಟ್ ನಂಬುವ ಪ್ರಮಾಣಪತ್ರಗಳ ಪಟ್ಟಿ (ಡಿಬಿ) ಓದಿಸಿ ‘ವಿಂಡೋಸ್ ಯುಇಎಫ್‌ಐ ಸಿಎ 2023’ ಎಂಬ ಹೆಸರು ಹುಡುಕಿದಾಗ ಉತ್ತರ ಇನ್ನೂ ‘ಫಾಲ್ಸ್’, ಅಂದರೆ ಬಂದಿಲ್ಲ. ತಿಂಗಳ ಅಪ್‌ಡೇಟ್ ಬಿದ್ದ ಪ್ರತಿ ಸಲವೂ ಇದನ್ನೇ ಮತ್ತೆ ಓಡಿಸಿ ನೋಡಬೇಕು.